ಕರಿ ನಾಲ್ಕಕ್ಕೆ ಏರಿಸಿದ ಗಿಟಾರು

ಸದಾಶಿವ ಪೇಠ, ಪುಣೆ
ಬುಧವಾರ, ೧೨ ಫೆಬ್ರವರಿ ೨೦೨೫

ನನ್ನ ಮುದ್ದಿನ ವರದಾ,

ನಿನ್ನ ಅಪ್ಪ ಮಾರ್ತಾಂಡನ ಆಶೀರ್ವಾದಗಳು. ಎರಡೂ ಕೈ ಎತ್ತಿ, ಕಟ್ಟಕಡೆಯ ಸಾಲಿನವರಿಗೂ ಕಾಣುವಂತೆ! ಸಂಕ್ರಾಂತಿಗೆ ನೀನು ನಾಸಿಕದಿಂದ ಕಳಿಸಿದ ಎಳ್ಳುಂಡೆಯ ಡಬ್ಬಿ ಬಂದು ತಿಂಗಳಾಗುತ್ತ ಬಂತು. ಉಂಡೆ ಮುಗಿದವು, ಉತ್ತರ ಮಾತ್ರ ಹೋಗಲಿಲ್ಲ. ತಪ್ಪು ನನ್ನದು. ಅರ್ಧ ತಪ್ಪು ನಿನ್ನ ಇಂದೂ ಅತ್ತೆಯದು. ಖಾಲಿ ಡಬ್ಬಿ ವಾಪಸು ಕಳಿಸಬಾರದು, ಚಕ್ಕುಲಿ ಮಾಡಿ ತುಂಬಿದ ಮೇಲೆ ಪತ್ರ ಬರೆ ಎಂದು ತಡೆದವಳು ಆಕೆ. ಈಗ ಚಕ್ಕುಲಿಗೆ ಕಾಯುವ ಹೊತ್ತಲ್ಲ.

ಸೋಮವಾರ ಫೋನಿನಲ್ಲಿ "ನಿಮ್ಮವ್ವ ಬಂದಾಳ" ಎಂದು ಬಾಯಿ ತೆರೆದೆ. ಅಷ್ಟಕ್ಕೇ ನಿನ್ನ ಮನೆಯ ದನಿ ಹೋಗಿ ನೀನು ಬ್ಯಾಂಕಿನ ಕೌಂಟರಿನಲ್ಲಿ ಆಡುವ ದನಿ ಬಂತು. "ಅಪ್ಪಾ, ನನ್ನ ಬಿಟ್ಟು ಬಣ್ಣಾ ಹಚ್ಚಿಕೊಂಡಾಕಿ. ಆಕಿ ದನಿ ಇದ್ದರೇನು, ಹೋದರೇನು?" ಎಂದು ಇಟ್ಟುಬಿಟ್ಟೆ. ನೀನು ಇಟ್ಟ ಮೇಲೂ ನಾನು ಒಂದು ನಿಮಿಷ ಫೋನಿನೊಳಗೆ ಮಾತಾಡಿದೆ. ಇಂದೂ ಬಂದು ಕೈಯಿಂದ ಕಸಿದುಕೊಂಡಳು. ಅದಕ್ಕೇ ಪತ್ರ. ಇದನ್ನು ಹರಿದು ಹಾಕಬೇಕೆಂದರೂ ಮೊದಲು ಲಕೋಟೆ ಒಡೆಯಬೇಕಲ್ಲ!

ನೀನು ಕೇಳದೆ ಬಿಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮವ್ವ ಪ್ರಫುಲ್ಲಾಳ ಗಂಟಲಿನಲ್ಲಿ ಕ್ಯಾನ್ಸರ್. ಹುಬ್ಬಳ್ಳಿಯ ಡಾಕ್ಟರರು ಪುಣೆಗೆ ಹೋಗಿ ಎಂದರಂತೆ. ಇಲ್ಲಿ ಆಕೆಗೆ ಗೊತ್ತಿರುವುದು ಒಂದೇ ಮನೆ. ಇಂದೂಗೆ ಫೋನ್ ಮಾಡಿದಳು. ಇಂದೂ ನನ್ನನ್ನು ಒಂದು ಮಾತು ಕೇಳದೆ ಸ್ವಾರಗೇಟಿಗೆ ಹೋಗಿ ಬಸ್ಸಿನಿಂದ ಇಳಿಸಿಕೊಂಡು ಬಂದಳು. ಈಗ ಕೆಳಗಿನ ಖೋಲಿಯಲ್ಲಿ ಇಬ್ಬರೂ. ಮೇಲಿನ ಖೋಲಿಯಲ್ಲಿ ನಾನು. ನಡುವೆ ಹನ್ನೊಂದು ಮೆಟ್ಟಿಲು, ಮೂವತ್ಮೂರು ವರ್ಷ.

ಡಾಕ್ಟರ್ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಗುರುವಾರ ೨೦ನೆಯ ತಾರೀಕು ಸಂಜೆ ಐದಕ್ಕೆ ಆಸ್ಪತ್ರೆಗೆ ಸೇರಬೇಕು, ಶುಕ್ರವಾರ ಬೆಳಿಗ್ಗೆ ಆಪರೇಶನ್. ಅಲ್ಲಿಯವರೆಗೆ ಸಾಧ್ಯವಾದಷ್ಟು ಮೌನ. ಮೂರು ಸಾವಿರ ಜನರ ಟೆಂಟಿನಲ್ಲಿ ಮೈಕಿಲ್ಲದೆ ಹಾಡಿದವಳು ಈಗ ನೀರು ಬೇಕೆಂದರೂ ಲೋಟ ತೋರಿಸುತ್ತಾಳೆ.

ಭಾನುವಾರ ಆಕೆ ಮೌನ ಮುರಿದಳು. ನನ್ನನ್ನು ಕೆಳಗೆ ಕರೆಸಿ, ನಾಟಕ ಕಂಪನಿಯಲ್ಲಿ ಕರೆಯುತ್ತಿದ್ದ ಹಾಗೆಯೇ ಕರೆದಳು. ಗಾಳಿಯಷ್ಟೇ ದನಿ.

"ಮಾಸ್ತರ್ರ, ಒಂದು ಹಾಡು ಉಳಿಸಿಕೊಡ್ರಿ. ಮೂರನೇ ಅಂಕದ್ದು. ಫೋನಿನ್ಯಾಗ ತುಂಬಸ್ರಿ. ವರದಾ ಕೇಳ್ತಾಳೋ ಬಿಡ್ತಾಳೋ, ಆಕಿ ಇಚ್ಛಾ."

"ಬಾಜೂ ಮನಿಯಾಗ ಹಾರ್ಮೋನಿಯಂ ಅದ, ತರ್ತೇನಿ" ಎಂದೆ.

"ಆ ಹಾಡಿಗೆ ಪೇಟಿ ಅಲ್ರಿ. ಗಿಟಾರ. ನೀವ ಬಾರಸಬೇಕು."

ನಾನು ಗಿಟಾರು ಬಾರಿಸುತ್ತಿದ್ದೆ ಎಂಬುದೇ ನಿನಗೆ ಸುದ್ದಿಯಾಗಿರಬಹುದು! ನಿನಗೆ ಗೊತ್ತಿರುವ ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿಯ ಗುಮಾಸ್ತ. ಅದಕ್ಕೂ ಮೊದಲು ಒಬ್ಬ ಮಾರ್ತಾಂಡ ಇದ್ದ. ಖಳನಾಯಕನ ಮಗ, ಪರದೆಯ ಹಗ್ಗಕ್ಕೆ ಕಟ್ಟಿದ ತೊಟ್ಟಿಲಲ್ಲಿ ಬೆಳೆದವನು. ಸಿನಿಮಾದ ಹಾವಳಿಗೆ ಹೆದರಿ ಮಾಲಕರು ಪೇಟಿ-ತಬಲಾದ ಪಕ್ಕಕ್ಕೆ ಒಂದು ಗಿಟಾರು ತಂದಿಟ್ಟಾಗ ಅದನ್ನು ಮುಟ್ಟುವ ಧೈರ್ಯ ಮಾಡಿದವನು ಇಪ್ಪತ್ತೆರಡರ ನಾನೊಬ್ಬನೇ. ಮೂರನೇ ಅಂಕದಲ್ಲಿ ತಂಗಿ ಜೈಲಿನ ಬಾಗಿಲಿಗೆ ಬಂದು ಅಣ್ಣನಿಗಾಗಿ ಹಾಡುವ ಹಾಡಿಗೆ ಧಾಟಿ ಕಟ್ಟಿದವನು ನಾನು, ಹಾಡಿದವಳು ನಿಮ್ಮವ್ವ. ಕಂಪನಿ ಬಿಟ್ಟ ದಿನ ಗಿಟಾರನ್ನೂ ಅಲ್ಲಿಯೇ ಬಿಟ್ಟೆ. ಆಮೇಲೆ ಮುಟ್ಟಲಿಲ್ಲ.

ಸೋಮವಾರ, ಮಂಗಳವಾರ ಎರಡು ದಿನ ಅಂಗಡಿ ಅಂಗಡಿ ತಿರುಗಿದೆ. ಲಕ್ಷ್ಮೀ ರಸ್ತೆಯ ಮೊದಲ ಅಂಗಡಿಯವ ನನ್ನ ಬಿಳಿ ತಲೆ ನೋಡಿ "ಆಜೋಬಾ, ನಾತವಾಸಾಠೀ ಕಾ?" ಎಂದ, ಮೊಮ್ಮಗನಿಗೋ ಎಂದು. "ನನಗೇ!" ಎಂದು ಗುಡುಗಿದೆ. ಗಾಜಿನ ಕಪಾಟು ಅದುರಿತು, ಆದರೆ ಬೆಲೆ ಇಳಿಯಲಿಲ್ಲ. ಒಳ್ಳೆಯ ಮರದ್ದೆಂದರೆ ಹನ್ನೆರಡು ಸಾವಿರದಿಂದ ಶುರು. ನನ್ನ ಕೈಯಲ್ಲಿರುವುದು ಐದು. ಎರಡನೆಯ ಅಂಗಡಿಯಲ್ಲಿ ಮೂರು ಸಾವಿರದ್ದೊಂದು ಇತ್ತು. ಹಲಗೆಯಿಂದ ತಂತಿ ಅಷ್ಟೆತ್ತರ, ಒತ್ತಿದರೆ ಬೆರಳು ತುಂಡಾಗಬೇಕು. ಇನ್ನೊಂದರ ದನಿ ಬಿಸ್ಕತ್ತಿನ ಡಬ್ಬಿಯ ದನಿ. ಪ್ರಫುಲ್ಲಾಳ ಕಡೆಯ ಹಾಡಿಗೆ ಬಿಸ್ಕತ್ತಿನ ಡಬ್ಬಿಯೇ?

ನೀನು ದುಡ್ಡು ಕಳಿಸುತ್ತೀ, ನನಗೆ ಗೊತ್ತು. ಕಳಿಸಬೇಡ. ನಿನ್ನ ದುಡ್ಡಿನಲ್ಲಿ ಆಕೆಗೆ ಬಾರಿಸಿದರೆ ಅದು ನಿನಗೆ ಮಾಡಿದ ಮೋಸವಾಗುತ್ತದೆ.

ಬೇಡುವುದು ಒಂದೇ. ಗುರುವಾರ ಸಂಜೆ ಐದರೊಳಗೆ ಒಮ್ಮೆ ಬಂದು ಹೋಗು. ನಾಸಿಕದಿಂದ ಬೆಳಗಿನ ಬಸ್ಸಿಗೆ ಕೂತರೆ ಮಧ್ಯಾಹ್ನಕ್ಕೆ ಇಲ್ಲಿರುತ್ತೀ. ಕ್ಷಮಿಸು ಎಂದು ಹೇಳುತ್ತಿಲ್ಲ, ಕೇಳು ಎನ್ನುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ನೆತ್ತಿಯ ಮೇಲೆ ನನ್ನ ಕೈ ಇದೆ ಎಂದು ತಿಳಿ.

ನಿನ್ನ ಅಪ್ಪ,
ಮಾರ್ತಾಂಡ

*

ಸದಾಶಿವ ಪೇಠ
ಬುಧವಾರ, ೧೯ ಫೆಬ್ರವರಿ, ಮಧ್ಯಾಹ್ನ

ವರದಾ,

ಆಶೀರ್ವಾದ. ಒಂದು ವಾರ ಸುಮ್ಮನಿದ್ದೆ, ಕ್ಷಮಿಸು. ಸುಮ್ಮನಿದ್ದವನು ಸುಮ್ಮನೆ ಕೂತಿರಲಿಲ್ಲ. ನಿನ್ನ ಎರಡು ಪದದ ಉತ್ತರ ಫೋನಿಗೆ ಬಂತು: "ಪತ್ರ ಮುಟ್ಟಿತು." ಬರುತ್ತೇನೆ ಎಂದಿಲ್ಲ, ಬರುವುದಿಲ್ಲ ಎಂದೂ ಇಲ್ಲ. ಆ ಸಂದಿಯಲ್ಲೇ ಕಾಲಿಟ್ಟು ನಿಂತಿದ್ದೇನೆ. ಈ ಪತ್ರ ನಿನಗೆ ಗುರುವಾರದೊಳಗೆ ಮುಟ್ಟುವುದಿಲ್ಲ, ಅದೂ ಗೊತ್ತು. ಆದರೂ ಬರೆಯುತ್ತೇನೆ. ಇವತ್ತು ಬರೆಯದಿದ್ದರೆ ನಾನು ಏನನ್ನಾದರೂ ಒಡೆದು ಹಾಕುತ್ತೇನೆ, ಒಡೆಯುವಂಥದ್ದು ಮನೆಯಲ್ಲಿ ಈಗಾಗಲೇ ಒಂದು ಒಡೆದಿದೆ.

ಕ್ರಮವಾಗಿ ಹೇಳುತ್ತೇನೆ. ಭಾನುವಾರ ಜೂನಾ ಬಾಜಾರಕ್ಕೆ ಹೋದೆ. ಹಳೆಯ ಕುಕ್ಕರು, ಕಾರಿನ ಸ್ಟೀರಿಂಗು, ಯಾರದೋ ಮದುವೆಯ ಸೂಟು, ಇವುಗಳ ನಡುವೆ ಒಂದು ಗಿಟಾರು ನೇತಾಡುತ್ತಿತ್ತು. ತಿರುಗಿಸಿ ನೋಡಿದರೆ ಬೆನ್ನಿಗೆ ಟ್ರಂಕಿನ ತಗಡು ಬಡಿದಿದ್ದಾನೆ! "ಗಟ್ಟಿ ಐತೆ, ನೀವು ಸತ್ತರೂ ಇದು ಸಾಯಲ್ಲ" ಎಂಬ ಅರ್ಥದ ಮಾತನ್ನು ಹಿಂದಿಯಲ್ಲಿ ಹೇಳಿದ ಪುಣ್ಯಾತ್ಮ. ಅವನಿಗೂ ಆ ಗಿಟಾರಿಗೂ ನಮಸ್ಕರಿಸಿ ಬಂದೆ.

ಉಳಿದದ್ದು ನಾಲ್ಕು ದಿನ. ಬರುವಾಗ ನಮ್ಮ ಪೇಠೆಯಲ್ಲೇ, ಸ್ಪರ್ಧಾ ಪರೀಕ್ಷೆಯ ಮಕ್ಕಳು ಓದಲು ಕೂರುವ ಆ ಅಭ್ಯಾಸಿಕೆಯ ಕೆಳಗಿನ ಚಹಾದ ಗಾಡಿಗೆ ನಿಂತೆ. ಗೋಡೆಗೆ ಚೀಟಿ: ಗಿಟಾರ್ ಮಾರುವುದಿದೆ. ಇಂದೂಗೆ ಫೋನ್ ಹಚ್ಚಿ "ಸಿಕ್ತವ್ವಾ, ಸಿಕ್ತು!" ಎಂದು ಕೂಗಿದೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಹುಡುಗಿ ಗ್ಲಾಸು ಕೆಳಗಿಟ್ಟಳು.

"ಕಾಕಾ, ನೀವು ಕನ್ನಡದವರೇನ್ರಿ? ಆ ಚೀಟಿ ನಂದ."

ಹೆಸರು ಪೂರ್ವಾ. ಜತ್ತದ ಕಡೆಯವಳು, ವಯಸ್ಸು ಇಪ್ಪತ್ತೇಳು. ಮೂರು ಸಲ ಪರೀಕ್ಷೆ ಬರೆದಿದ್ದಾಳೆ, ಮೂರು ಸಲವೂ ಮೊದಲ ಸುತ್ತಿಗೇ ಹೊರಗೆ.

"ಇದು ಖೋಲ್ಯಾಗ ಇರೋತನಕ ಪುಸ್ತಕ ತೆರ್ಯಾಂಗಿಲ್ಲ ಅಂತ ಗೊತ್ತಾಗೇತ್ರಿ. ನಾಲ್ಕ ಸಾವಿರ. ಆದ್ರ ಮೊದಲ ಬಾರಿಸಿ ತೋರಸ್ರಿ. ಯಾರ ಕೈಗೆ ಕೊಡ್ತೀನಿ ಅಂತ ನನಗ ಗೊತ್ತಾಗಬೇಕು."

ಎಂಥ ಪರೀಕ್ಷೆ ನೋಡು! ಅಭ್ಯಾಸಿಕೆಯ ಮೆಟ್ಟಿಲ ಮೇಲೆ ಕೂತೆ. ಬೆರಳುಗಳಿಗೆ ಜಾಗ ನೆನಪಿತ್ತು, ಚರ್ಮಕ್ಕೆ ಇರಲಿಲ್ಲ. ಎರಡನೆಯ ಸಾಲಿಗೇ ತುದಿಗಳು ಉರಿದವು. ಆದರೆ ದನಿ, ವರದಾ! ತೆಂಗಿನ ಚಿಪ್ಪಿನೊಳಗೆ ಜೇನು ಸುರಿದ ಹಾಗೆ.

"ಎಷ್ಟ ವರ್ಷ ಆತ್ರಿ ಬಿಟ್ಟು?"

"ನೀ ಹುಟ್ಟೂಕಿಂತ ಮೊದಲ."

"ಹಂಗಂದ್ರ ಮೂರುವರಿ ಸಾಕು ಬಿಡ್ರಿ" ಎಂದಳು. ಆಮೇಲೆ, ತಂತಿಗಳ ಬುಡ ಕೂರುವ ಮರದ ಪಟ್ಟಿಯನ್ನು, ಅದಕ್ಕೆ ಬ್ರಿಜ್ ಎನ್ನುತ್ತಾರೆ, ಉಗುರಿನಿಂದ ತೋರಿಸಿದಳು. "ಇಲ್ಲಿ ಕೂದಲೆಳಿಯಷ್ಟು ಎದ್ದೇತ್ರಿ. ಭಾಳ ಬಿಗೀಬ್ಯಾಡ್ರಿ. ಸ್ವರದ ಪಟ್ಟಿ ಏರಸಬೇಕಂದ್ರ ಈ ಕ್ಯಾಪೋ ಹಾಕ್ರಿ, ಪುಕ್ಕಟ ಕೊಡ್ತೀನಿ." ಕ್ಯಾಪೋ ಎಂದರೆ ಗಿಟಾರಿನ ಕತ್ತಿಗೆ ಹಾಕುವ ಚಿಮಟ, ತಂತಿಯನ್ನು ಬಿಗಿಯದೆಯೇ ಸ್ವರ ಏರುತ್ತದೆ.

ನಾನು ಏನೆಂದೆ ಗೊತ್ತೇ? ಎದೆಯುಬ್ಬಿಸಿ, "ನಮ್ಮ ಕಂಪನಿಯೊಳಗ ತಂತಿ ಏರತಿತ್ತವಾ, ಚಿಮಟಾ ಹಾಕತಿರಲಿಲ್ಲ!" ಎಂದೆ. ಕ್ಯಾಪೋವನ್ನು ಆಕೆಯ ಕೈಯಲ್ಲೇ ಬಿಟ್ಟು ಬಂದೆ.

ಇಲ್ಲಿ ನಿನಗೊಂದು ಕಂಪನಿಯ ಕಟ್ಟಳೆ ಹೇಳಬೇಕು, ಇಲ್ಲದಿದ್ದರೆ ನಿನ್ನ ಅಪ್ಪ ಬರೀ ಮೂರ್ಖನಂತೆ ಕಾಣುತ್ತಾನೆ. ಹೊಸ ನಟಿ ಕಂಪನಿಗೆ ಬಂದ ದಿನ ಆಕೆಯ ಪಟ್ಟಿ, ಅಂದರೆ ಯಾವ ಸ್ವರವನ್ನು ಷಡ್ಜ ಮಾಡಿಕೊಂಡು ಹಾಡುತ್ತಾಳೆ ಎಂಬುದನ್ನು, ಹಾರ್ಮೋನಿಯಂ ಮುಚ್ಚಳದ ಒಳಮೈಗೆ ಸುಣ್ಣದಲ್ಲಿ ಬರೆಯುತ್ತಿದ್ದರು. 'ಪ್ರಫುಲ್ಲಾ, ಕರಿ ನಾಲ್ಕು.' ನಾಲ್ಕನೆಯ ಕರಿ ಮನೆ. ನಮ್ಮ ಕಂಪನಿಯ ಬೇರೆ ನಟಿಯರು ಅಷ್ಟೆತ್ತರಕ್ಕೆ ಹೋಗುತ್ತಿರಲಿಲ್ಲ. ಒಮ್ಮೆ ಬರೆದರೆ ಮುಗಿಯಿತು. ಆಮೇಲೆ ಯಾವ ವಾದ್ಯದವನೂ ನಟಿಯನ್ನು "ಇವತ್ತ ಯಾವ ಪಟ್ಟಿ?" ಎಂದು ಕೇಳುವಂತಿಲ್ಲ. ಕೇಳಿದರೆ, ನಿನ್ನ ದನಿ ಬಿತ್ತು ಎಂದು ಮುಖಕ್ಕೆ ಹೇಳಿದಂತೆ. ಒಬ್ಬ ತಬಲಾದವ ಕೇಳಿ ಕಪಾಳಮೋಕ್ಷ ಮಾಡಿಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ವಾದ್ಯ ಏರಬೇಕು, ಹರಿಯಲಿ, ಮುರಿಯಲಿ. ಎರಡು ವರ್ಷಕ್ಕೊಂದು ಗಿಟಾರು ಬಲಿಯಾಗುತ್ತಿತ್ತು, ಮಾಲಕರು ಶಪಿಸುತ್ತ ಇನ್ನೊಂದು ತರುತ್ತಿದ್ದರು.

ಹೀಗಿರುವಾಗ ನಾನು ಹೇಗೆ ಕೇಳಲಿ? ಅದೂ ಈಕೆಯನ್ನು, ಈ ವಾರ? ಮಾತಿನ ದನಿ ಗಾಳಿಯಾಗಿದೆ, ನಿಜ. ಆದರೆ ರಂಗದ ದನಿ ಬೇರೆಯೇ ಜಾಗದಿಂದ ಬರುತ್ತದೆ ಎಂದು ನಂಬಿ ಬೆಳೆದವನು ನಾನು.

ನಿನ್ನೆ ಮಧ್ಯಾಹ್ನ ಮೇಲಿನ ಖೋಲಿಯಲ್ಲಿ ಕೂತು ಏರಿಸಲು ಹಿಡಿದೆ. ಒಂದು ಮನೆ ಏರಿತು. ಎರಡು ಏರಿತು. ಮೂರಕ್ಕೆ ಸಣ್ಣ ತಂತಿ ಟಪ್ಪೆಂದು ಹರಿದು ಹುಬ್ಬಿಗೆ ಬಡಿಯಿತು. ನಿಲ್ಲಿಸಬೇಕಿತ್ತು. ರಕ್ತ ಒರೆಸಿಕೊಂಡು ಇನ್ನೂ ಸಣ್ಣ ತಂತಿ ಹಾಕಿದೆ. ಮತ್ತೆ ಏರಿಸಿದೆ. ಕರಿ ನಾಲ್ಕಕ್ಕೆ ಇನ್ನು ಕೂದಲಷ್ಟು ಬಾಕಿ ಎನ್ನುವಾಗ ಗಿಟಾರಿನೊಳಗೆ ಯಾರೋ ಗಂಟಲು ಸರಿಪಡಿಸಿಕೊಂಡ ಹಾಗೆ ಒಂದು ಸದ್ದಾಯಿತು. ಮರುಕ್ಷಣ, ಫಟಾರ್! ಬ್ರಿಜ್ ಕಿತ್ತು ಹಾರಿ ಗೋಡೆಗೆ ಹೊಡೆಯಿತು. ಆರೂ ತಂತಿ ನನ್ನ ತೊಡೆಯ ಮೇಲೆ ಸತ್ತ ಹಾವಿನಂತೆ ಬಿದ್ದವು.

ಇಂದೂ ಹನ್ನೊಂದು ಮೆಟ್ಟಿಲನ್ನು ನಾಲ್ಕೇ ಹೆಜ್ಜೆಗೆ ಹತ್ತಿ ಬಂದಳು.

"ಏನ ಒಡದೀ ಅಣ್ಣಾ?"

"ಕೆಳಗ ಆಕಿಗೆ ಕೇಳಸ್ತೇನು?"

"ಶನಿವಾರವಾಡಾಕ್ಕೂ ಕೇಳಸೇದ! ಪಟ್ಟಿ ಯಾವುದು ಅಂತ ಒಂದು ಮಾತು ಕೇಳೂದಕ್ಕ ನಿನಗೇನ ಧಾಡಿ? ಬಾಯಿ ಇಲ್ಲೇನು? ಊರಿಗೆಲ್ಲಾ ಅದ ಬಾಯಿ!"

"ಕೇಳಬಾರದವಾ ಇಂದೂ. ಕೇಳಬಾರದು."

"ಹಂಗಾರ ನಿನ್ನ ಕಂಪನಿ ಕಟ್ಟಿಕೊಂಡು ಗೋಡಿಗೆ ಬಾರಿಸು" ಎಂದು ಇಳಿದುಹೋದಳು. ಕೆಳಗಿನಿಂದ ಪ್ರಫುಲ್ಲಾಳ ಕೆಮ್ಮು ಬಂತು. ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಇವತ್ತು ಶಿವಜಯಂತಿ. ಪೇಠೆಯ ತುಂಬ ಕೇಸರಿ ಧ್ವಜ, ಢೋಲು-ತಾಶಾ, ಅಂಗಡಿಗಳಿಗೆ ಬೀಗ. ಸತ್ತ ಗಿಟಾರನ್ನು ಎದೆಗವಚಿಕೊಂಡು ಮೆರವಣಿಗೆಯ ಎದುರಿಗೆ ನಡೆದೆ. ವಾದ್ಯ ದುರಸ್ತಿ ಮಾಡುವ ಅಪ್ಪಾಸಾಹೇಬರ ಮನೆಯ ಬಾಗಿಲು ಬಡಿದೆ. ಮೀರಜಿನವರು, ತಂಬೂರಿ ಮಾಡುವ ಮನೆತನ, ಕನ್ನಡ ಬಲ್ಲರು. ಬನಿಯನ್ನಿನಲ್ಲೇ ಹೊರಗೆ ಬಂದು ಗಿಟಾರನ್ನು ಮಗುವಿನಂತೆ ಇಸಕೊಂಡು, ನನ್ನನ್ನು ಕಳ್ಳನಂತೆ ನೋಡಿದರು.

"ಇದನ್ನ ಎತ್ತಿಗೆ ಹೂಡಿದ್ರೇನು?"

"ಕರಿ ನಾಲ್ಕಕ್ಕ ಏರಿಸಿದ್ದೆ."

"ಏನ್ ಮಾಸ್ತರ, ಗಿಟಾರಿಗೂ ನಿಮಗೂ ಹಳೇ ವೈರ ಅದ ಏನು?" ಹಳೆಯ ಅಂಟು ಕೆರೆದು, ಹೊಸದು ಹಚ್ಚಿ, ಮೂರು ಬಿಗಿಪಟ್ಟಿ ಹಾಕಿ ತಿರುಚಿದರು. "ನಾಳೆ ಎರಡಕ್ಕ ಬರ್ರಿ. ಅದಕ್ಕೂ ಮೊದಲ ಕೇಳಬ್ಯಾಡ್ರಿ. ಅಂಟು ನಿಮ್ಮ ಡೈಲಾಗಿಗೆ ಹೆದರಿ ಲಗೂ ಆರೂದಿಲ್ಲ. ಮತ್ತ, ಇನ್ನೊಮ್ಮೆ ಏರಿಸಿದ್ರಂದ್ರ ಮುಂದಿನ ಹಲಗೀನ ಸೀಳತದ. ಆಮ್ಯಾಲ ನನ್ನ ಕಡೆ ತರೂದಲ್ಲ, ಹೊಳಿಗೆ ಬಿಡೂದು."

ನಾಳೆ ಎರಡಕ್ಕೆ ಗಿಟಾರು. ನಾಲ್ಕೂವರೆಗೆ ರಿಕ್ಷಾ. ನಡುವೆ ಎರಡೂವರೆ ತಾಸು. ಬರುವ ದಾರಿಯಲ್ಲಿ ಅಭ್ಯಾಸಿಕೆಯ ಬಾಗಿಲಲ್ಲಿ ನಿಂತು ಪೂರ್ವಾಳನ್ನು ಹೊರಗೆ ಕರೆಸಿದೆ, ಕೈ ಮುಗಿದು ಆ ಚಿಮಟ ಬೇಡಿದೆ. ಆಕೆ ನಗಲಿಲ್ಲ. ಜೇಬಿನಿಂದಲೇ ತೆಗೆದು ಕೊಟ್ಟಳು. "ನಾನೂ ನಾಳೆ ಬರ್ತೀನ್ರಿ, ರೆಕಾರ್ಡಿಂಗ್ ಮಾಡಿಕೊಡ್ತೀನಿ. ನಿಮ್ಮ ಫೋನಿನ ಮೈಕ್ ನಂಬೂವಂಗಿಲ್ಲ."

ಮೆರವಣಿಗೆಯ ಢೋಲು ಈಗ ನಮ್ಮ ಓಣಿಗೇ ಬಂದಿದೆ. ಬರೆಯುವ ಮೇಜು ಕುಣಿಯುತ್ತಿದೆ. ಹೊರಗಿನ ಸದ್ದಿಗೆ ಹೆದರುವವನಲ್ಲ ನಾನು. ಕೆಳಗಿನ ಖೋಲಿಯ ಮೌನಕ್ಕೆ ಹೆದರುತ್ತಿದ್ದೇನೆ.

ಒಳ್ಳೆಯದಾಗಲಿ ತಾಯಿ.

ಅಪ್ಪ

*

ಸದಾಶಿವ ಪೇಠ
ಭಾನುವಾರ, ೨೩ ಫೆಬ್ರವರಿ

ಪ್ರೀತಿಯ ವರದಾ,

ಆಶೀರ್ವಾದಗಳು. ಮೂರು ದಿನ ತಡವಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಬರೆಯಲು ಕೂತೆ, ಕೈ ಏಳಲಿಲ್ಲ. ಆಪರೇಶನ್ ಆರು ತಾಸು ನಡೆಯಿತು. ಬದುಕಿದ್ದಾಳೆ. ಕಣ್ಣು ತೆರೆದಿದ್ದಾಳೆ. ಕತ್ತಿನಲ್ಲಿ ಉಸಿರಾಟಕ್ಕೊಂದು ದಾರಿ ಮಾಡಿದ್ದಾರೆ, ಬರೆದು ತೋರಿಸಲು ಕೈಗೊಂದು ಪಾಟಿ ಕೊಟ್ಟಿದ್ದಾರೆ.

ಗುರುವಾರದ್ದನ್ನು ಹೇಳುತ್ತೇನೆ.

ಎರಡಕ್ಕೆ ಅಪ್ಪಾಸಾಹೇಬರು ಬಿಗಿಪಟ್ಟಿ ಬಿಚ್ಚಿದರು, ತಾವೇ ತಂತಿ ಹಾಕಿದರು, ತಾವೇ ಶ್ರುತಿ ಮಾಡಿದರು, ಬಿರಡೆಗಳಿಗೆ ನನ್ನ ಕೈ ತಾಗಗೊಡಲಿಲ್ಲ. ಮೂರಕ್ಕೆ ಮನೆಯಲ್ಲಿದ್ದೆ. ಪೂರ್ವಾ ಫೋನನ್ನು ಅಕ್ಕಿಡಬ್ಬಿಯ ಮೇಲೆ ನಿಲ್ಲಿಸಿ, ಫ್ಯಾನು ಬಂದ್ ಮಾಡಿ, ಕಿಟಕಿ ಹಾಕಿದ್ದಳು. ಪ್ರಫುಲ್ಲಾ ಹಸಿರು ಇಳಕಲ್ ಸೀರೆ ಉಟ್ಟು, ಕೂದಲಿಗೆ ಎಣ್ಣೆ ಹಚ್ಚಿ ಬಿಗಿದು ಕಟ್ಟಿ ನಿಂತಿದ್ದಳು. ಆಸ್ಪತ್ರೆಗೆ ಹೋಗುವ ಚೀಲ ಬಾಗಿಲ ಬಳಿ. ಹಾಡುವ ಮೊದಲು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅದು ಇಂದೂನ ಅಡುಗೆಮನೆಯ ಶಹಾಬಾದಿ ಕಲ್ಲು. ಆಕೆ ಮುಟ್ಟಿದ್ದೇ ತಡ ಅದು ರಂಗವಾಯಿತು, ಆಣೆ ಮಾಡಿ ಹೇಳುತ್ತೇನೆ.

ನಾಲ್ಕನೆಯ ಮನೆಗೆ ಚಿಮಟ ಹಾಕಿ, ಕರಿ ನಾಲ್ಕಕ್ಕೆ ಎತ್ತಿಕೊಂಡೆ. ಬೆರಳಿನ ತುದಿಗಳಿಗೆ ಪಟ್ಟಿ ಸುತ್ತಿದ್ದೆ. ಆಕೆ ಬಾಯಿ ತೆರೆದಳು.

ಎರಡನೆಯ ಅಕ್ಷರಕ್ಕೇ ದನಿ ಸೀಳಿತು.

ನಿಂತಳು. ನೀರು ಗುಟುಕರಿಸಿದಳು. ಕೈಯಿಂದ 'ಮತ್ತ' ಎಂದಳು. ಮತ್ತೆ ಎತ್ತಿಕೊಂಡೆ. ಈ ಸಲ ಒಂದು ಸಾಲು ಏರಿದಳು, ಮೇಲಿನ ಷಡ್ಜ ಹತ್ತಿರ ಬಂದಾಗ ಕೆಮ್ಮು ಹಿಡಿಯಿತು. ಕರವಸ್ತ್ರವನ್ನು ಮಡಿಚಿ ಮುಷ್ಟಿಯೊಳಗೆ ಬಚ್ಚಿಟ್ಟಳು. ನಾನು ಕಂಡೆ. ಕಂಡೂ ಬಾರಿಸುತ್ತಲೇ ಇದ್ದೆ! ನಟಿ ಎಡವಿದರೆ ವಾದ್ಯ ನಿಲ್ಲಬಾರದು, ಅದೂ ಒಂದು ಕಟ್ಟಳೆ. ಗಡಿಯಾರದಲ್ಲಿ ನಾಲ್ಕೂಕಾಲು ದಾಟಿತ್ತು. ಮೂರನೆಯ ಸಲ ಆಕೆ ಬಾಯಿ ತೆರೆದಾಗ ಬರೀ ಉಸಿರು ಬಂತು.

"ಅಣ್ಣಾ, ಕೊಲ್ತೀಯೇನ ಆಕೀನ್ನ?" ಎಂದಳು ಇಂದೂ.

ಕೈ ನಿಂತಿತು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿದೆ. ಕಂಸ, ಕೀಚಕ, ದುಶ್ಶಾಸನರ ಮಾತುಗಳನ್ನು ಉಸಿರು ಕಟ್ಟದೆ ಒದರುವ ಈ ಗಂಟಲಿನಿಂದ ಎರಡು ಪದ ಹೊರಡಲು ಎಷ್ಟು ಹೊತ್ತು ಹಿಡಿಯಿತೋ!

"ಪ್ರಫುಲ್ಲಾ, ಯಾವ ಪಟ್ಟಿ?"

ಕಪಾಳಕ್ಕೆ ಬೀಳುತ್ತದೆ ಎಂದು ಕಾದೆ. ಆಕೆ ಹಾಗೆಯೇ ಕುಸಿದು ಮಣೆಯ ಮೇಲೆ ಕೂತಳು, ಭಾರ ಇಳಿಸಿಕೊಂಡವಳ ಹಾಗೆ.

"ಬಿಳಿ ಮೂರು, ಮಾಸ್ತರ್ರ. ಹನ್ನೆರಡ ವರ್ಷ ಆತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕರಿ ನಾಲ್ಕಂತ ಬರದಿದ್ರಲ್ಲ, ಅಲ್ಲೇ ಒದರಕೋತ ಬಂದೆ."

ಬಿಳಿ ಮೂರು! ನಿನಗೆ ಗೊತ್ತಾಗಲಿಕ್ಕಿಲ್ಲ, ಪೂರ್ವಾಗೆ ಗೊತ್ತಾಯಿತು, ಕೈ ಬಾಯಿಗೆ ಹೋಯಿತು. ಬಿಳಿ ಮೂರೆಂದರೆ ಕರಿ ನಾಲ್ಕಕ್ಕಿಂತ ನಾಲ್ಕು ಮನೆ ಕೆಳಗೆ, ಗಿಟಾರು ಹುಟ್ಟಿದ ಶ್ರುತಿ. ಏರಿಸಬೇಕಿಲ್ಲ, ಚಿಮಟ ಬೇಕಿಲ್ಲ. ಅಭ್ಯಾಸಿಕೆಯ ಮೆಟ್ಟಿಲ ಮೇಲೆ ಪೂರ್ವಾ ನನ್ನ ಕೈಗೆ ಕೊಟ್ಟಾಗ ಹೇಗಿತ್ತೋ ಹಾಗೆಯೇ ಬಾರಿಸಿದ್ದರೆ ಸಾಕಿತ್ತು. ನಾನು ಹರಿದದ್ದು, ಕಿತ್ತದ್ದು, ಅಂಟಿಸಿದ್ದು, ಎಲ್ಲ ಒಂದು ಮಾತು ಕೇಳದಿದ್ದುದಕ್ಕೆ.

ಚಿಮಟ ತೆಗೆದೆ. ಆಕೆ ಕೂತೇ ಹಾಡಿದಳು.

ಅದು ಕಂಪನಿಯ ದನಿಯಲ್ಲ. ಟೆಂಟಿನ ಕಡೆಯ ಸಾಲಿಗೆ ಅಲ್ಲ, ಅಕ್ಕಿಡಬ್ಬಿಯ ಮೇಲಿನ ಆ ಸಣ್ಣ ಫೋನಿಗೆ ಮಾತ್ರ ಹಾಡಿದಳು. ಅಂಚೆಲ್ಲ ಹರಿದ ದನಿ. ಆದರೆ ಎಲ್ಲಿ ಹರಿದಿದೆ ಎಂದು ಗೊತ್ತಿದ್ದು, ಹರಿದಲ್ಲಿ ನಿಲ್ಲದೆ, ಬದಿಯಿಂದ ದಾಟುತ್ತಿದ್ದಳು. ನಾನು ಎರಡು ಕಡೆ ತಪ್ಪಿದೆ. ಆಕೆ ನನಗಾಗಿ ಕಾದು, ತಪ್ಪನ್ನೂ ಹಾಡಿನೊಳಗೆ ತೆಗೆದುಕೊಂಡಳು. ಮೂರು ನುಡಿಯ ಹಾಡು, ಒಂದೂವರೆ ಆಯಿತು. ಎರಡನೆಯ ನುಡಿಯ ನಡುವೆ ಹೊರಗೆ ರಿಕ್ಷಾದವ ಹಾರ್ನ್ ಹೊಡೆದ. "ಕಾಕಾ, ಚಲಾ ನಾ!" ಎಂದು ಅವಸರಿಸಿದ. ಅಲ್ಲಿಗೆ ನಿಂತಿತು. ಎರಡು ನಿಮಿಷ ನಲವತ್ತು ಸೆಕೆಂಡು. ಇಂದೂ ಮೂಗು ಏರಿಸುವುದೂ ಕೇಳಿಸುತ್ತದೆ.

ಅದಾದ ಮೇಲೆ ಬಾಗಿಲಿನವರೆಗೆ ಒಂದೇ ಒಂದು ಮಾತಾಡಿದಳು. "ಆಕಿ ಬರಲಿಲ್ಲ, ಹೌದಲ್ರಿ?" ಎಂದಳು. ಸಿಟ್ಟಿನಿಂದಲ್ಲ. ಹೊರಗೆ ಮಳೆ ಇದೆಯೇ ಎಂದು ಕೇಳುವ ಹಾಗೆ. "ಬಸ್ ತಪ್ಪಿರಬೇಕು" ಎಂದೆ. ಅದು ಆಕೆ ಬಾಯಿಂದ ಆಡಿದ ಕಡೆಯ ಮಾತು, ಅದಕ್ಕೆ ನಾನು ಕೊಟ್ಟದ್ದು ಒಂದು ಸುಳ್ಳು.

ನಿನ್ನೆ ಪಾಟಿಯ ಮೇಲೆ ಬರೆದು ತೋರಿಸಿದಳು: 'ಕಳಿಸಿದಿರೇನು?' ಇನ್ನೂ ಇಲ್ಲ ಎಂದು ತಲೆಯಾಡಿಸಿದೆ. ಪೂರ್ವಾ ಆ ಹಾಡನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದಾಳೆ. ಈ ಲಕೋಟೆಯಲ್ಲೇ ಇದೆ. ಗಿಟಾರನ್ನು ಆಕೆಗೇ ಮರಳಿ ಕೊಡಲು ಹೋದೆ, ಬೇಡ ಎಂದಳು. "ಪರೀಕ್ಷೆ ಆದಮ್ಯಾಲ ನಿಮ್ಮ ಹತ್ತರ ಕಲ್ಯಾಕ ಬರ್ತೀನ್ರಿ, ಆದ್ರ ಶ್ರುತಿ ಮಾತ್ರ ನಾನ ಮಾಡಾಕಿ" ಎಂದಳು.

ಆರೋಗ್ಯ ನೋಡಿಕೋ. ಕೆಲಸ, ಸಿಟ್ಟು, ನಿದ್ದೆ, ಮೂರಕ್ಕೂ ಅದರದರ ಹೊತ್ತು ಕೊಡು. ನಿನ್ನ ಬಾಳು ತುಂಬಿ ತುಳುಕಲಿ, ನಿನ್ನ ಮಾತನ್ನು ಕೇಳುವವರು ಸದಾ ನಿನ್ನ ಎದುರಿಗಿರಲಿ.

ನಿನ್ನ ಅಪ್ಪ,
ಮಾರ್ತಾಂಡ

ತಾ.ಕ.: ಪೆನ್‌ಡ್ರೈವ್ ಹಾಕುವ ಮೊದಲು ಇದನ್ನು ಓದು.

ಇದನ್ನು ಬರೆಯಬೇಡಿ ಎಂದು ಪ್ರಫುಲ್ಲಾ ಆಣೆ ಹಾಕಿದ್ದಳು. "ಇರೋದ ಒಬ್ಬ ಅಪ್ಪ, ಅವನೂ ಇಲ್ಲದಂಗ ಮಾಡಬ್ಯಾಡ್ರಿ ಆಕಿಗೆ" ಎಂದಿದ್ದಳು. ಆ ಆಣೆಯ ಹಿಂದೆ ನಾನು ಹಾಯಾಗಿ ಅಡಗಿದ್ದೆ.

ಆಕೆ ನಿನ್ನನ್ನು ಬಿಡಲಿಲ್ಲ. ಕಂಪನಿ ಬಿಡು ಎಂದೆ, ಆಕೆ ಒಪ್ಪಲಿಲ್ಲ, ಅಷ್ಟೇ ನಡೆದದ್ದು. ಇಳಕಲ್ಲಿನ ಕ್ಯಾಂಪಿನಲ್ಲಿ ಒಂದು ಬೆಳಿಗ್ಗೆ ಆಕೆ ತಾಲೀಮಿಗೆ ಹೋದಾಗ ಎರಡೂವರೆ ವರ್ಷದ ನಿನ್ನನ್ನು ಎತ್ತಿಕೊಂಡು ನಾನು ಬಸ್ಸು ಹತ್ತಿದೆ. ಇಂದೂಗೂ ಇವತ್ತಿನವರೆಗೆ ಗೊತ್ತಿಲ್ಲ.

ನಿನಗೆ ಆರು ವರ್ಷವಿದ್ದಾಗ ಒಂದು ಮಧ್ಯಾಹ್ನ ಬಾಗಿಲು ಸದ್ದಾಯಿತು. ತೆರೆದೆ. ಪ್ರಫುಲ್ಲಾ. ಕಂಪನಿ ಸಾಂಗಲಿಗೆ ಬಂದಿತ್ತು, ಅಲ್ಲಿಂದ ವಿಳಾಸ ಹುಡುಕಿ ಬಂದಿದ್ದಳು, ಕೈಯಲ್ಲೊಂದು ಬಟ್ಟೆಯ ಚೀಲ. ನೀನು ನನ್ನ ಕಾಲ ಹಿಂದಿನಿಂದ ಇಣುಕಿ "ಯಾರಪ್ಪಾ?" ಎಂದೆ.

"ಹಪ್ಪಳ ಮಾರಾಕಿ" ಎಂದೆ ನಾನು.

ಆಕೆ ನನ್ನ ಮುಖ ನೋಡಿದಳು, ಒಂದು ಕ್ಷಣ. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚೀಲವನ್ನು ತೋಳಿನಿಂದ ಇಳಿಸಿ, ನಿನ್ನ ಮಟ್ಟಕ್ಕೆ ಬಗ್ಗಿ, ಹಪ್ಪಳ ಬೇಕೇನು ಮಗೂ ಎಂದು ಈ ಊರಿನ ಹಪ್ಪಳದವರ ಧಾಟಿಯಲ್ಲೇ ಕೇಳಿದಳು: "ಪಾಪಡ್ ಹವೇತ್ ಕಾ, ಬಾಳ?" ನೀನು ಬೇಡವೆಂದು ತಲೆಯಾಡಿಸಿ "ನಕೋ" ಎಂದೆ. "ಬರಂ" ಎಂದು ಚೀಲ ಹೆಗಲಿಗೇರಿಸಿ ಇಳಿದುಹೋದಳು. ಓಣಿ ತಿರುಗುವವರೆಗೆ "ಪಾಪಡ್, ಪಾಪಡ್" ಎಂದು ಕೂಗುತ್ತ ಹೋದಳು, ನಿನಗೆ ಅನುಮಾನ ಬರದಿರಲೆಂದು.

ಇದನ್ನು ಹನ್ನೆರಡನೆಯ ತಾರೀಕಿನ ಪತ್ರದಲ್ಲಿ ಬರೆದಿದ್ದರೆ ಗುರುವಾರ ನೀನು ಬರುತ್ತಿದ್ದೆ. ನಾನು ಗಿಟಾರಿನ ವಿಷಯ ಬರೆದೆ.